ದೇಶಕ್ಕೊಂದು ಸೊಂಟದಳತೆ

ಫ್ರೆಂಚ್ ಹೆಂಗಸರು ದಪ್ಪಗಾಗುವುದಿಲ್ಲ ಎಂದು ಮುಖಪುಟದ ಮೇಲೆಯೇ ಸಾರುವ ಪುಸ್ತಕವೊಂದು 2004ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. ಬರೆದವರು ಮಿರೆಯ್ ಗಿಲಿಯಾನೊ. ಊಟವನ್ನು ಸವಿಯಿರಿ, ಆದರೆ ಸ್ವಲ್ಪವೇ ತಿನ್ನಿ. ಚಾಕೊಲೇಟೂ ಬೇಕು, ವೈನೂ ಬೇಕು, ಮಿತಿ ಇರಲಿ. ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿ. ಸಲಹೆಗಳೇನೋ ಒಳ್ಳೆಯವೇ. ಆದರೆ ಪುಸ್ತಕ ಲಕ್ಷಗಟ್ಟಲೆ ಖರ್ಚಾದದ್ದು ಸಲಹೆಗಳಿಂದಲ್ಲ, ಶೀರ್ಷಿಕೆಯಿಂದ. ಮರುವರ್ಷವೇ ನವೋಮಿ ಮೊರಿಯಾಮಾ ಅವರ ಪುಸ್ತಕ ಬಂದು, ಜಪಾನಿ ಹೆಂಗಸರು ದಪ್ಪಗಾಗದಿರುವುದಷ್ಟೇ ಅಲ್ಲ, ಅವರಿಗೆ ವಯಸ್ಸೂ ಆಗುವುದಿಲ್ಲ ಎಂದು ಒಂದು ಹೆಜ್ಜೆ ಮುಂದೆ ಹೋಯಿತು. ಗಿಲಿಯಾನೊ ಆಗ ಫ್ರಾನ್ಸಿನ ಹೆಸರಾಂತ ಶಾಂಪೇನ್ ‘ವವ್ ಕ್ಲಿಕೊ’ವನ್ನು ಅಮೆರಿಕದಲ್ಲಿ ಮಾರುವ ಕಂಪನಿಯ ಮುಖ್ಯಸ್ಥೆ. ಇದನ್ನು ಕುಹಕಕ್ಕಾಗಿ ಹೇಳುತ್ತಿಲ್ಲ. ಸಪೂರ ಮೈಯ ಫ್ರೆಂಚ್ ಹೆಣ್ಣು ಎಂಬುದು ಫ್ರಾನ್ಸಿನ ಸುಗಂಧದ್ರವ್ಯ, ಉಡುಪು, ಮದ್ಯಗಳ ಹಾಗೆಯೇ ಆ ದೇಶದ ರಫ್ತು ಸರಕು ಎಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಇದ್ದಿರಲಾರರು.

ದೇಶದ ಹೆಸರು ಹಿಡಿದು ಹೆಣ್ಣಿನ ಮೈಯನ್ನು ಬಣ್ಣಿಸುವ ಈ ಚಾಳಿ ಪುಸ್ತಕದಂಗಡಿಯಲ್ಲಿ ಹುಟ್ಟಿದ್ದಲ್ಲ. ರಷ್ಯದ ಹೆಣ್ಣು ಹರೆಯದಲ್ಲಿ ಅಪ್ಸರೆ, ನಲವತ್ತಕ್ಕೆ ಪೀಪಾಯಿ, ಬ್ರೆಜಿಲಿನವಳೆಂದರೆ ಕಡಲತೀರ, ಅಮೆರಿಕದವಳೆಂದರೆ ಬೊಜ್ಜು. ಇಂಥ ಪಡಿಯಚ್ಚುಗಳು ಎಷ್ಟು ನಿಜ ಎಂದು ಕೇಳುವುದು ಎಲ್ಲರಿಗೂ ಹೊಳೆಯುವ ಪ್ರಶ್ನೆ. ಗುಣಸ್ವಭಾವದ ಮಟ್ಟಿಗೆ ಅದಕ್ಕೆ ಉತ್ತರ ಸಿಕ್ಕಿ ಎರಡು ದಶಕವಾಯಿತು. ಆಂಟೋನಿಯೊ ಟೆರಾಚಿಯಾನೊ ಮತ್ತು ಸಂಗಡಿಗರು 49 ಸಂಸ್ಕೃತಿಗಳಲ್ಲಿ ಜನ ತಮ್ಮ ರಾಷ್ಟ್ರದ ‘ಸ್ವಭಾವ’ ಎಂದು ನಂಬಿದ್ದನ್ನೂ, ಅಲ್ಲಿನ ವ್ಯಕ್ತಿಗಳ ಸ್ವಭಾವವನ್ನು ಅಳೆದಾಗ ಬಂದ ಸರಾಸರಿಯನ್ನೂ ಹೋಲಿಸಿ, ಎರಡಕ್ಕೂ ತಾಳಮೇಳವಿಲ್ಲವೆಂದು 2005ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಮೈತೂಕದ ವಿಷಯ ಮಾತ್ರ ಇಷ್ಟು ಸುಲಭವಲ್ಲ. ತೂಕವನ್ನು ತಕ್ಕಡಿಯಲ್ಲಿ ಅಳೆಯಬಹುದು. ಅಳೆದಾಗ ದೇಶದೇಶಗಳ ನಡುವೆ ನಿಜಕ್ಕೂ ಭಾರಿ ಅಂತರ ಕಾಣುತ್ತದೆ. ಹಾಗಾಗಿ ಈ ಪಡಿಯಚ್ಚುಗಳನ್ನು ಬರೀ ಸುಳ್ಳೆಂದು ತಳ್ಳಿಹಾಕಿದರೆ ನಡೆಯದು. ನನ್ನ ತಕರಾರು ಬೇರೆ. ಅಂಕಿಅಂಶ ತೋರಿಸುವುದು ವರ್ಗ, ಕಾಲ, ಕಾಸು ಇವುಗಳ ಕಥೆ. ಪಡಿಯಚ್ಚು ಅದನ್ನು ರಾಷ್ಟ್ರದ ಕಥೆಯಾಗಿ ತಿದ್ದುತ್ತದೆ, ತಿದ್ದಿದ್ದನ್ನು ಹೆಣ್ಣಿನ ಮೈಮೇಲೆ ಮಾತ್ರ ಬರೆಯುತ್ತದೆ.

ಫ್ರಾನ್ಸನ್ನೇ ನೋಡೋಣ. ಅಲ್ಲಿ ಕಾಲಕಾಲಕ್ಕೆ ನಡೆಯುವ ಬೊಜ್ಜಿನ ಸಮೀಕ್ಷೆಯ 2020ರ ಸುತ್ತಿನ ಪ್ರಕಾರ ವಯಸ್ಕರಲ್ಲಿ ಶೇ 17ರಷ್ಟು ಜನರಿಗೆ ಬೊಜ್ಜಿದೆ. ಅತಿತೂಕದವರನ್ನೂ ಸೇರಿಸಿದರೆ ಹೆಚ್ಚುಕಡಿಮೆ ಅರ್ಧ ದೇಶ. ಬೊಜ್ಜಿನ ಪ್ರಮಾಣ ಗಂಡಸರಲ್ಲೂ ಹೆಂಗಸರಲ್ಲೂ ಬಹುತೇಕ ಒಂದೇ. ಬೊಜ್ಜಿನ ಗೆರೆ ದಾಟದ ಅತಿತೂಕದಲ್ಲಿ ಮಾತ್ರ ಗಂಡಸರು ಬಹಳ ಮುಂದಿದ್ದಾರೆ. ಹಾಗಿದ್ದೂ ಫ್ರೆಂಚ್ ಗಂಡಸರ ಹೊಟ್ಟೆಯ ಬಗ್ಗೆ ಯಾರೂ ಪುಸ್ತಕ ಬರೆದು ಹಣ ಮಾಡಿದಂತಿಲ್ಲ. ಇನ್ನು ಪ್ಯಾರಿಸ್ ಸುತ್ತಲಿನ ಪ್ರಾಂತ್ಯದಲ್ಲಿ ಬೊಜ್ಜು ಶೇ 14ರ ಆಸುಪಾಸಿನಲ್ಲಿದ್ದರೆ, ಗಣಿಗಳೂ ಗಿರಣಿಗಳೂ ಮುಚ್ಚಿಹೋದ ಉತ್ತರದ ಓ ದ ಫ್ರಾನ್ಸ್ ಪ್ರಾಂತ್ಯದಲ್ಲಿ ಶೇ 22. ಮೇಲ್ದರ್ಜೆಯ ನೌಕರಿಯವರಲ್ಲಿ ಸುಮಾರು ಶೇ 10, ಕಾರ್ಮಿಕರಲ್ಲಿ ಶೇ 18. ಜಗತ್ತು ‘ಫ್ರೆಂಚ್ ಹೆಣ್ಣು’ ಎಂದು ಕರೆಯುವಾಕೆ ವಾಸ್ತವದಲ್ಲಿ ಪ್ಯಾರಿಸ್ಸಿನ ಅನುಕೂಲಸ್ಥ ಬಡಾವಣೆಯಾಕೆ. ಉತ್ತರದ ಊರಿನ ಸೂಪರ್ ಮಾರ್ಕೆಟ್ಟಿನಲ್ಲಿ ಬಿಲ್ಲು ಹಾಕುವ ಹೆಂಗಸು ಆ ಚಿತ್ರದೊಳಗೆ ಇಲ್ಲವೇ ಇಲ್ಲ. ಇಲ್ಲದಿರುವುದು ಮಾತ್ರವಲ್ಲ, ತನ್ನ ದೇಶಕ್ಕೇ ತಾನು ಅಪವಾದ ಎಂಬ ಭಾರವನ್ನೂ ಆಕೆ ಹೊರಬೇಕು. ಗೇಬ್ರಿಯಲ್ ದೆದಿಯೆ ಎಂಬ ಲೇಖಕಿ 2017ರಲ್ಲಿ ಬರೆದ ಪುಸ್ತಕ ಆ ಭಾರದ ಲೆಕ್ಕವನ್ನು ಒಪ್ಪಿಸಿದ ಮೇಲೆ, ದಪ್ಪ ಮೈಯವರು ಶಾಲೆ, ಆಸ್ಪತ್ರೆ, ಕೆಲಸದ ಜಾಗಗಳಲ್ಲಿ ಉಣ್ಣುವ ಅವಮಾನ ಅಲ್ಲಿ ಬಹಿರಂಗ ಚರ್ಚೆಗೆ ಬಂತು.

ಚಿತ್ರದೊಳಗೆ ಇರುವವರ ಪಾಡೇನು? ಫ್ರಾನ್ಸಿನ ಜನಸಂಖ್ಯಾ ಅಧ್ಯಯನ ಸಂಸ್ಥೆ 2009ರಲ್ಲಿ ಯುರೋಪಿನ ದೇಶಗಳನ್ನು ಹೋಲಿಸಿತು. ಪಶ್ಚಿಮ ಯುರೋಪಿನಲ್ಲಿ ಫ್ರೆಂಚ್ ಹೆಂಗಸರ ಸರಾಸರಿ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಸೂಚಿ, ಎಲ್ಲರಿಗಿಂತ ಕಡಿಮೆಯಿತ್ತು. ಪಡಿಯಚ್ಚಿಗೆ ಅಷ್ಟರಮಟ್ಟಿಗೆ ಜಯವೇ ಸರಿ. ಆದರೆ ವೈದ್ಯರ ಲೆಕ್ಕದಲ್ಲಿ ತೀರಾ ಸೊರಗಿದ್ದ ಫ್ರೆಂಚ್ ಹೆಂಗಸರಲ್ಲಿ ಅರ್ಧದಷ್ಟು ಮಂದಿಗೆ ಮಾತ್ರ ತಮ್ಮ ತೂಕ ಕಡಿಮೆ ಅನ್ನಿಸಿತ್ತು. ಉಳಿದರ್ಧಕ್ಕೆ ಆ ಸೊರಗೇ ಸಹಜ. ಮಾಡೆಲ್‌ಗಳು ವೈದ್ಯರ ಪ್ರಮಾಣಪತ್ರ ತರಬೇಕು, ಮೈಯನ್ನು ತಿದ್ದಿ ತೆಳ್ಳಗೆ ಮಾಡಿದ ಜಾಹೀರಾತು ಚಿತ್ರದ ಮೇಲೆ ‘ತಿದ್ದಿದ ಚಿತ್ರ’ ಎಂದು ನಮೂದಿಸಬೇಕು ಎಂಬ ನಿಯಮಗಳು ಅಲ್ಲಿ 2017ರಲ್ಲಿ ಜಾರಿಗೆ ಬಂದದ್ದು ಸುಮ್ಮನೆ ಅಲ್ಲ.

ಜಪಾನಿನದು ಇನ್ನೂ ತೀಕ್ಷ್ಣವಾದ ಉದಾಹರಣೆ. ಬೊಜ್ಜು ಅಲ್ಲಿ ಶೇ 4-5ರಷ್ಟು, ಅಮೆರಿಕದಲ್ಲಿ ಶೇ 40ಕ್ಕೂ ಹೆಚ್ಚು. ಇಷ್ಟು ಕೇಳಿದವರು ಮೀನು, ಮೀಸೊ ಸಾರು, ಪುಟ್ಟ ಬಟ್ಟಲು ಎಂದು ಕಾರಣ ಪಟ್ಟಿಮಾಡಲು ತೊಡಗುತ್ತಾರೆ. ಆದರೆ ಜಪಾನ್ ಸರ್ಕಾರದ 2019ರ ಆರೋಗ್ಯ ಮತ್ತು ಪೋಷಣೆ ಸಮೀಕ್ಷೆಯನ್ನು ಬಿಡಿಸಿ ನೋಡಿದರೆ, ಬಿಎಂಐ 25 ದಾಟಿದ ಗಂಡಸರು ಶೇ 33, ಹೆಂಗಸರು ಶೇ 22. ಅದೇ ಅಕ್ಕಿ, ಅದೇ ಮೀನು, ಅದೇ ರೈಲು ನಿಲ್ದಾಣದವರೆಗಿನ ನಡಿಗೆ. ಮೂವರು ಗಂಡಸರಲ್ಲಿ ಒಬ್ಬನಿಗೆ ಹೊಟ್ಟೆ ಬಂದಿದೆ. ಸಂಸ್ಕೃತಿ ಗಂಡಸರ ಮೇಲೆ ಏಕೆ ಕೆಲಸ ಮಾಡಲಿಲ್ಲ? ಇನ್ನೊಂದು ಕಡೆ, ಇಪ್ಪತ್ತರ ಹರೆಯದ ಹೆಂಗಸರಲ್ಲಿ ಶೇ 20ಕ್ಕಿಂತ ಹೆಚ್ಚು ಮಂದಿಯ ಬಿಎಂಐ 18.5ಕ್ಕಿಂತ ಕೆಳಗೆ. ಬರಗಾಲದ ನಾಡಿನಲ್ಲಿ ಕಾಣುವ ಪ್ರಮಾಣ ಇದು. ಕಾಣುತ್ತಿರುವುದು ಜಗತ್ತಿನ ಸಿರಿವಂತ ದೇಶಗಳಲ್ಲೊಂದರಲ್ಲಿ. ಅಲ್ಲಿ ಹುಟ್ಟುವ ಮಗುವಿನ ಸರಾಸರಿ ತೂಕ 1970ರ ದಶಕದಲ್ಲಿ 3.2 ಕಿಲೊ ಇದ್ದದ್ದು ಈಗ 3 ಕಿಲೊ ಆಸುಪಾಸಿಗೆ ಇಳಿದಿರುವುದಕ್ಕೆ ತಾಯಂದಿರ ಸೊರಗೂ ಒಂದು ಕಾರಣವೆಂದು ವೈದ್ಯರು ಎಚ್ಚರಿಸುತ್ತಲೇ ಇದ್ದಾರೆ. ಬೊಜ್ಜನ್ನು ಅಧ್ಯಯನ ಮಾಡುವ ಜಪಾನಿನ ವೈದ್ಯರ ಸಂಘವೇ 2025ರಲ್ಲಿ, ಹೆಂಗಸರ ಕಡಿಮೆ ತೂಕ ಮತ್ತು ಅಪೌಷ್ಟಿಕತೆಯನ್ನು ಒಂದು ಕಾಯಿಲೆಯ ಗುಂಪಾಗಿ ಪರಿಗಣಿಸಬೇಕೆಂದು ಪ್ರಸ್ತಾಪಿಸಿತು. ದಪ್ಪಗಾಗದ, ಮುದಿಯಾಗದ ಹೆಣ್ಣಿನ ಗುಟ್ಟು ಎಂದು ಮಾರಾಟವಾದ ಸರಕಿನಲ್ಲಿ ಇದೂ ಸೇರಿದೆ.

ಇಲ್ಲಿಗೆ ಮೊದಲ ಆಕ್ಷೇಪ ಬರುತ್ತದೆ. ಗಂಡು ಹೆಣ್ಣು ಏನೇ ಇರಲಿ, ಜಪಾನೀಯರು ಅಮೆರಿಕನ್ನರಿಗಿಂತ ಸಪೂರ ಎಂಬುದಂತೂ ನಿಜವಲ್ಲವೇ? ನಿಜ. ಆದರೆ ಆ ನಿಜ ಎಲ್ಲಿ ನೆಲೆಸಿದೆ ಎಂಬುದಕ್ಕೆ 1965ರ ಸುಮಾರಿಗೆ ಆರಂಭವಾದ ಒಂದು ಅಧ್ಯಯನ ಉತ್ತರ ಕೊಟ್ಟಿತು. ಹಿರೋಶಿಮಾ–ನಾಗಾಸಾಕಿಯಲ್ಲೇ ಉಳಿದ ಜಪಾನೀಯರು, ಹವಾಯಿಗೆ ವಲಸೆ ಹೋದವರು, ಸ್ಯಾನ್ ಫ್ರಾನ್ಸಿಸ್ಕೊ ಸುತ್ತ ನೆಲೆಸಿದವರು, ಹೀಗೆ ಒಂದೇ ಮೂಲದ ಮೂರು ಗುಂಪುಗಳನ್ನು ಪಕ್ಕಪಕ್ಕ ಇಟ್ಟು ಪರೀಕ್ಷಿಸಲಾಯಿತು. ಪೂರ್ವಕ್ಕೆ ಹೋದಂತೆ ಊಟದಲ್ಲಿ ಕೊಬ್ಬಿನ ಪಾಲು ಏರಿತು, ಮೈತೂಕ ಏರಿತು, ಹೃದಯದ ಕಾಯಿಲೆಯೂ ಏರಿತು. ಅಧ್ಯಯನಕ್ಕೆ ಒಳಪಟ್ಟವರೆಲ್ಲ ಗಂಡಸರೇ ಎಂಬುದೊಂದು ಕೊರತೆ. ಆದರೂ ಸಪೂರ ಮೈ ರಕ್ತದಲ್ಲಿಲ್ಲ, ಹಡಗು ಹತ್ತಿದರೆ ಅದು ದಡದಲ್ಲೇ ಉಳಿಯುತ್ತದೆ ಎಂಬುದಕ್ಕೆ ಅಷ್ಟು ಸಾಕು. ಅಮೆರಿಕವನ್ನೇ ಒಡೆದು ನೋಡಿದರೂ ಹೀಗೆಯೇ. 2023ರ ಲೆಕ್ಕದಲ್ಲಿ ವೆಸ್ಟ್ ವರ್ಜೀನಿಯಾದಲ್ಲಿ ಬೊಜ್ಜು ಶೇ 41ರಷ್ಟು, ಕೊಲರಾಡೊದಲ್ಲಿ ಶೇ 25ರಷ್ಟು. ಒಂದೇ ಪಾಸ್‌ಪೋರ್ಟಿನವರ ನಡುವೆ ಇಷ್ಟು ಅಂತರವಿರುವಾಗ ‘ಅಮೆರಿಕದ ಮೈ’ ಎನ್ನುವುದಾದರೂ ಯಾವುದು?

ಬಡವ–ಬಲ್ಲಿದರ ಮೈ ಎಲ್ಲ ಕಡೆ ಒಂದೇ ದಿಕ್ಕಿಗೆ ವಾಲುವುದೂ ಇಲ್ಲ. ಪಶ್ಚಿಮ ಆಫ್ರಿಕದ ಮಾರಿಟೇನಿಯಾದಲ್ಲಿ ಮೂರ್ ಜನಾಂಗದ ಮೇಲ್ವರ್ಗದವರು ಎಳೆಯ ಹುಡುಗಿಯರಿಗೆ ಒಂಟೆಹಾಲು, ಸಜ್ಜೆಯ ಗಂಜಿಯನ್ನು ಬಲವಂತವಾಗಿ ತುರುಕಿ ಮದುವೆಯ ಹೊತ್ತಿಗೆ ದಪ್ಪಗಾಗಿಸುವ ಪದ್ಧತಿಯಿದೆ. ಹೊರಗಿನವರು ಅದನ್ನು ‘ಆಫ್ರಿಕದವರ ಸೌಂದರ್ಯ ಪ್ರಜ್ಞೆ’ ಎಂದು ಬರೆದುಬಿಡುತ್ತಾರೆ. ಪಕ್ಕದಲ್ಲೇ ಇದ್ದ ಗುಲಾಮರನ್ನು ಮರೆಯುತ್ತಾರೆ. ನೀರು ಹೊರಲು, ಧಾನ್ಯ ಕುಟ್ಟಲು, ಕುರಿ ಮೇಯಿಸಲು ಬೇರೆ ಕೈಗಳಿದ್ದ ಮನೆಯಲ್ಲಿ ಮಾತ್ರ ಹೆಣ್ಣು ಅಲುಗಾಡದೆ ಕೂರಲು ಸಾಧ್ಯ. ಆಕೆಯ ಮೈ ಗಂಡನ ಸಂಪತ್ತಿನ ಜಾಹೀರಾತು. ಮೈಕೈ ತುಂಬಿಕೊಂಡ ಸೊಸೆ ಬಂದರೆ ಮನೆಗೆ ಲಕ್ಷ್ಮಿ ಬಂದಳೆನ್ನುವ ನಮ್ಮ ಹಳೆಯ ಮಾತಿಗೂ, ಪ್ಯಾರಿಸ್ಸಿನ ಸಪೂರ ಸೊಂಟಕ್ಕೂ ಅರ್ಥ ಒಂದೇ. ಊಟ ದುರ್ಲಭವಾದಲ್ಲಿ ತುಂಬಿದ ಮೈ ಸ್ಥಿತಿವಂತಿಕೆಯ ಗುರುತು. ಅಗ್ಗದ ಕ್ಯಾಲರಿ ಸುರಿಯುವಲ್ಲಿ ತೆಳ್ಳನೆಯ ಮೈ.

ಅರ್ಥ ಬದಲಾಗಲು ತಲೆಮಾರುಗಳೇ ಬೇಕು ಎಂದೂ ಇಲ್ಲ. ಫಿಜಿಯಲ್ಲಿ ಬಲವಾದ, ತುಂಬಿದ ಮೈಗೆ ಮರ್ಯಾದೆ ಇತ್ತು. ಯಾರಾದರೂ ಇಳಿದುಹೋದರೆ ನೆರೆಹೊರೆಯವರು ಕಳವಳಪಡುತ್ತಿದ್ದರು. ನಡ್ರೋಂಗಾ ಪ್ರಾಂತ್ಯಕ್ಕೆ 1995ರಲ್ಲಿ ಟೆಲಿವಿಷನ್ ಬಂತು. ಹಾರ್ವರ್ಡ್‌ನ ಆ್ಯನ್ ಬೆಕರ್ ಆಗ ಅಲ್ಲಿನ ಶಾಲಾ ಹುಡುಗಿಯರನ್ನು ಪ್ರಶ್ನಿಸಿ, ಮೂರು ವರ್ಷದ ನಂತರ ಅದೇ ವಯಸ್ಸಿನ ಇನ್ನೊಂದು ಗುಂಪನ್ನು ಪ್ರಶ್ನಿಸಿದರು. ಊಟದ ಬಗೆಗಿನ ಮನೋಭಾವದಲ್ಲಿ ಅಪಾಯದ ಮಟ್ಟ ದಾಟಿದವರು ಶೇ 12.7 ಇದ್ದದ್ದು ಶೇ 29.2 ಆಗಿತ್ತು. ತೂಕ ಇಳಿಸಲು ವಾಂತಿ ಮಾಡಿಕೊಳ್ಳುವವರು ಮೊದಲು ಒಬ್ಬರೂ ಇರಲಿಲ್ಲ, ಆಮೇಲೆ ಶೇ 11.3. ಗುಂಪುಗಳು ಚಿಕ್ಕವು, ಒಂದೊಂದರಲ್ಲಿ ಅರವತ್ತು ಚಿಲ್ಲರೆ ಹುಡುಗಿಯರು. ಆ ಮೂರು ವರ್ಷದಲ್ಲಿ ಟಿವಿಯೊಂದೇ ಬದಲಾಗಿರಲಿಕ್ಕಿಲ್ಲ. ಅಂಕಿಗಳನ್ನು ತುಸು ಎಚ್ಚರದಿಂದಲೇ ಹಿಡಿಯಬೇಕು. ಆದರೆ ‘ದಕ್ಷಿಣ ಸಾಗರದ ದ್ವೀಪದ ಹೆಂಗಸರು ತಮ್ಮ ಮೈಯ ಬಗ್ಗೆ ನಿಶ್ಚಿಂತರು’ ಎಂಬ ಪ್ರವಾಸಕಥನಗಳ ಸವಿಮಾತು ಅಷ್ಟು ಬೇಗ ಹಳಸಿತೆಂಬುದನ್ನು ತಳ್ಳಿಹಾಕಲಾಗದು.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಇರಲಿ ಬಿಡಿ, ಪಡಿಯಚ್ಚು ಅರ್ಧಸತ್ಯವೇ ಇರಬಹುದು. ಆದರೆ ‘ನಮ್ಮ ದೇಶದ ಹೆಂಗಸರು ಹೀಗಿರುತ್ತಾರೆ’ ಎಂಬ ಒತ್ತಡವಾದರೂ ಜನರನ್ನು ಆರೋಗ್ಯವಾಗಿಡುವುದಿಲ್ಲವೇ, ನಾಚಿಕೆಗಾದರೂ ನಾಲ್ಕು ತುತ್ತು ಕಡಿಮೆ ತಿನ್ನುವುದಿಲ್ಲವೇ ಎಂಬುದು. ಜಪಾನ್ 2008ರಲ್ಲಿ 40ರಿಂದ 74 ವಯಸ್ಸಿನವರ ಸೊಂಟದ ಸುತ್ತಳತೆಯನ್ನು ವಾರ್ಷಿಕ ತಪಾಸಣೆಯೊಳಗೆ ಸೇರಿಸಿ, ಗಂಡಸರಿಗೆ 85 ಸೆಂಟಿಮೀಟರ್, ಹೆಂಗಸರಿಗೆ 90 ಸೆಂಟಿಮೀಟರ್ ಎಂದು ಗೆರೆ ಎಳೆದದ್ದನ್ನು ಇಂಥವರು ಮೆಚ್ಚುಗೆಯಿಂದ ಉದಾಹರಿಸುತ್ತಾರೆ. ಕುತೂಹಲದ ವಿಷಯವೆಂದರೆ ಸರ್ಕಾರದ ಆ ಗೆರೆ ಗಂಡಸರಿಗೇ ಹೆಚ್ಚು ಬಿಗಿ; ಸಮಾಜ ಎಳೆದ ಗೆರೆ ಹೆಂಗಸರಿಗೆ. ವೈದ್ಯಕೀಯವೂ ಪಡಿಯಚ್ಚೂ ಬೇರೆಬೇರೆ ದಾರಿ ಹಿಡಿಯುತ್ತವೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ನಾಚಿಕೆ ಮೈ ಇಳಿಸುತ್ತದೆ ಎಂಬುದೂ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಮೇಲೆ ಹೇಳಿದ ಟೆರಾಚಿಯಾನೊ ಅವರೇ ಆಂಜೆಲಿನಾ ಸುಟಿನ್ ಜೊತೆ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರು ಸಾವಿರಕ್ಕೂ ಹೆಚ್ಚು ಅಮೆರಿಕನ್ನರನ್ನು ನಾಲ್ಕು ವರ್ಷ ಅನುಸರಿಸಿ ನೋಡಿದರು. ತೂಕದ ಕಾರಣಕ್ಕೆ ಅವಮಾನ, ತಾರತಮ್ಯ ಅನುಭವಿಸಿದವರು ಆ ಅವಧಿಯಲ್ಲಿ ಬೊಜ್ಜಿಗೆ ಒಳಗಾಗುವ ಸಾಧ್ಯತೆ ಉಳಿದವರಿಗಿಂತ ಸುಮಾರು ಎರಡೂವರೆ ಪಟ್ಟಿತ್ತು. ಜಪಾನಿನ ಮಕ್ಕಳ ಮೈಯನ್ನು ಹತೋಟಿಯಲ್ಲಿಟ್ಟಿರುವುದರಲ್ಲಿ 1954ರ ಕಾನೂನಿನಿಂದ ಗಟ್ಟಿಯಾದ ಶಾಲಾ ಊಟಕ್ಕೆ, ನಡೆದು ಹೋಗುವ ದಾರಿಗಳಿಗೆ ಪಾಲಿದೆ. ನಾಚಿಕೆಗೆ ಆ ಕೀರ್ತಿ ಕೊಡಲು ನನಗೆ ಮನಸ್ಸಿಲ್ಲ.

ಭಾರತ ಈ ಆಟಕ್ಕೆ ತಡವಾಗಿ ಇಳಿಯಿತು, ಇಳಿದದ್ದು ಭರ್ಜರಿಯಾಗಿ. 1994ರಲ್ಲಿ ಸುಷ್ಮಿತಾ ಸೇನ್ ಮಿಸ್ ಯೂನಿವರ್ಸ್ ಆಗಿ, ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ ಮಿಸ್ ವರ್ಲ್ಡ್ ಆಗಿ ಆಯ್ಕೆಯಾದಾಗ ಮಾರುಕಟ್ಟೆ ಆಗಷ್ಟೇ ತೆರೆದಿತ್ತು. ‘ಭಾರತೀಯ ಸೌಂದರ್ಯ’ ಎಂಬ ಸರಕಿಗೆ ಗಿರಾಕಿಗಳು ಕಾದಿದ್ದರು. ಎರಡೇ ವರ್ಷದಲ್ಲಿ, 1996ರ ನವೆಂಬರಿನಲ್ಲಿ, ಮಿಸ್ ವರ್ಲ್ಡ್ ಸ್ಪರ್ಧೆ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣಕ್ಕೇ ಬಂತು. ಮಹಿಳಾ ಸಂಘಟನೆಗಳು, ಎಂ.ಡಿ. ನಂಜುಂಡಸ್ವಾಮಿಯವರ ರೈತಸಂಘ, ಹಿಂದುತ್ವದ ಸಂಘಟನೆಗಳು ಒಂದೇ ಹೊತ್ತಿನಲ್ಲಿ ಬೀದಿಗಿಳಿದ ಅಪರೂಪದ ಸಂದರ್ಭವದು. ಈಜುಡುಗೆಯ ಸುತ್ತನ್ನು ಸೇಶೆಲ್ಸ್ ದ್ವೀಪಕ್ಕೆ ಸಾಗಿಸಬೇಕಾಯಿತು. ಆ ವಿರೋಧದೊಳಗೆ ಎರಡು ಧಾರೆಗಳಿದ್ದವು. ಹೆಣ್ಣಿನ ಮೈಯನ್ನು ಅಳೆದು ಅಂಕ ಕೊಡುವುದು ತಪ್ಪು ಎಂಬುದು ಒಂದು. ಇದು ಭಾರತೀಯ ನಾರಿಯ ಮಾನದ ಪ್ರಶ್ನೆ ಎಂಬುದು ಇನ್ನೊಂದು. ಎರಡನೆಯವರಿಗೂ ಸ್ಪರ್ಧೆಯ ಸಂಘಟಕರಿಗೂ ಜಗಳವಿತ್ತಾದರೂ ಒಂದು ವಿಷಯದಲ್ಲಿ ಸಮ್ಮತಿಯಿತ್ತು. ದೇಶದ ಬಾವುಟವನ್ನು ನೆಡಬೇಕಾದ ಜಾಗ ಹೆಣ್ಣಿನ ಮೈ ಎಂಬ ಬಗ್ಗೆ ಇಬ್ಬರಿಗೂ ಅನುಮಾನವಿರಲಿಲ್ಲ.

ದೇಶದೊಳಗೆ ಬಂದರೆ ಪಡಿಯಚ್ಚು ರಾಜ್ಯಗಳಾಗಿ ಒಡೆಯುತ್ತದೆ. ಪಂಜಾಬಿನವಳು ದಷ್ಟಪುಷ್ಟ, ಕಾರಣ ಬೆಣ್ಣೆ, ಪರಾಠ, ಲಸ್ಸಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಅತಿತೂಕ ಅಥವಾ ಬೊಜ್ಜಿರುವ ಹೆಂಗಸರು ಪಂಜಾಬಿನಲ್ಲಿ ಶೇ 40.8 ಇರುವುದೇನೋ ಹೌದು. ಇಡ್ಲಿ, ಸಾಂಬಾರಿನ ತಮಿಳುನಾಡಿನಲ್ಲಿ? ಶೇ 40.4. ಅಡುಗೆ ಬೇರೆ, ಭಾಷೆ ಬೇರೆ, ಮೈಕಟ್ಟಿನ ಕುರಿತ ಗಾದೆಗಳೂ ಬೇರೆ. ಅಂಕಿ ಬಹುತೇಕ ಒಂದೇ. ಎರಡೂ ಕಡೆ ಇರುವುದು ಪೇಟೆ, ಆದಾಯ, ಮೈಮುರಿದು ದುಡಿಯಬೇಕಿಲ್ಲದ ಕೆಲಸ. ಬಿಹಾರದಲ್ಲಿ ಈ ಪ್ರಮಾಣ ಶೇ 15.9 ಇರುವುದಕ್ಕೆ ಅಲ್ಲಿನ ಹೆಂಗಸರ ಸಂಯಮ ಕಾರಣವೆಂದು ಯಾರೂ ಹೇಳಲಾರರು. ಕಾಲು ಭಾಗದಷ್ಟು ಮಂದಿ ಅಲ್ಲಿ ಕಡಿಮೆ ತೂಕದವರು. ಕರ್ನಾಟಕದಲ್ಲಿ ಹಿಂದಿನ ಸಮೀಕ್ಷೆಯಿಂದ ಈ ಸಮೀಕ್ಷೆಗೆ ಐದಾರು ವರ್ಷದಲ್ಲಿ ಶೇ 23.3 ಇದ್ದದ್ದು ಶೇ 30.1ಕ್ಕೆ ಏರಿತು, ಜೊತೆಗೆ ಶೇ 17ರಷ್ಟು ಹೆಂಗಸರು ಸೊರಗಿಯೇ ಇದ್ದಾರೆ. ಒಂದೇ ರಾಜ್ಯದಲ್ಲಿ ಎರಡೂ ತುದಿ ಇರುವಾಗ ‘ಕನ್ನಡತಿಯ ಮೈಕಟ್ಟು’ ಎಂದು ಸಿನಿಮಾ ಪುಟದಲ್ಲಿ ಬರೆಯುವವರು ಯಾರನ್ನು ನೋಡಿ ಬರೆಯುತ್ತಾರೋ.

ತೋರಿಕೆಯನ್ನು ನಂಬಿದರೆ ಆಗುವ ಹಾನಿ ಭಾರತೀಯರಲ್ಲಿ ವಿಶೇಷ ಬಗೆಯದು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮ ಮತ್ತು ಬ್ರಿಟಿಷ್ ಸಹೋದ್ಯೋಗಿ ಜಾನ್ ಯಡ್ಕಿನ್ ಅವರ ಚಿತ್ರವನ್ನು ಅಕ್ಕಪಕ್ಕ ಪ್ರಕಟಿಸಿದರು. ಇಬ್ಬರ ಬಿಎಂಐಯೂ 22.3, ಮೈಯಲ್ಲಿನ ಕೊಬ್ಬು ಬ್ರಿಟಿಷರಿಗೆ ಶೇ 9.1, ಭಾರತೀಯರಿಗೆ ಶೇ 21.2. ತೆಳ್ಳಗೆ ಕಾಣುವ ಮೈಯೊಳಗೆ ಕೊಬ್ಬು ಅಡಗಿರುವ ಈ ಬಗೆಯ ಬೇರು ಗರ್ಭದಲ್ಲೇ ಇರಬಹುದೆಂಬ ಸುಳಿವಿಗೆ ಮೈಸೂರಿನ ಕೊಡುಗೆ ದೊಡ್ಡದು. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1934ರಿಂದಲೇ ನವಜಾತ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿತ್ತು. ಆ ಮಕ್ಕಳನ್ನು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದಾಗ, ಹುಟ್ಟುವಾಗ ಹಗುರವಾಗಿದ್ದವರಲ್ಲಿ ಹೃದಯದ ಕಾಯಿಲೆ ಹೆಚ್ಚು ಕಂಡಿತು. ಹಾಗಾದರೆ ಇದೂ ಒಂದು ಪಡಿಯಚ್ಚೇ ಅಲ್ಲವೇ, ‘ಭಾರತೀಯ ಮೈ’ ಎನ್ನುವುದು? ಮೇಲ್ನೋಟಕ್ಕೆ ಹಾಗನ್ನಿಸಬಹುದು. ಆದರೆ ಪಡಿಯಚ್ಚು ನೋಡಿ ತೀರ್ಮಾನಿಸು ಎನ್ನುತ್ತದೆ. ಈ ಸಂಶೋಧನೆ ನೋಡಿದ್ದನ್ನು ನಂಬಬೇಡ, ರಕ್ತ ಪರೀಕ್ಷಿಸು ಎನ್ನುತ್ತದೆ. ಏಷ್ಯಾ ಮೂಲದವರಿಗೆ ಬಿಎಂಐ 23 ದಾಟಿದರೇ ಮಧುಮೇಹದ ತಪಾಸಣೆ ಮಾಡಿ ಎಂದು ಅಮೆರಿಕದ ಮಧುಮೇಹ ಸಂಘ 2015ರಲ್ಲಿ ಹೇಳಿದ್ದು ಇದನ್ನೇ. ನ್ಯೂಜೆರ್ಸಿಯಲ್ಲೋ ಸ್ಯಾನ್ ಹೋಸೆಯಲ್ಲೋ ಇರುವ ಕನ್ನಡದ ಹೆಣ್ಣುಮಗಳನ್ನು ‘ನೀವು ಸಣ್ಣಗಿದ್ದೀರಿ, ನಿಮಗೇನು’ ಎಂದು ಕಳಿಸಿಬಿಡುವುದು ಹೊಗಳಿಕೆಯ ವೇಷ ತೊಟ್ಟ ಅಸಡ್ಡೆ.

ಇಷ್ಟೆಲ್ಲ ಆದ ಮೇಲೂ, ಇವು ತಮಾಷೆಯ ಮಾತುಗಳು, ಅಷ್ಟು ಗಂಭೀರವಾಗಿ ತೆಗೆದುಕೊಳ್ಳಬಾರದು ಎನ್ನುವವರಿದ್ದಾರೆ. ತಮಾಷೆ ನೌಕರಿಯ ನಿಯಮವಾಗುವ ತನಕ ಅದು ತಮಾಷೆ. ಇಂಡಿಯನ್ ಏರ್‌ಲೈನ್ಸ್ ತೂಕದ ಮಿತಿ ಮೀರಿದ ಗಗನಸಖಿಯರನ್ನು ಹಾರಾಟದಿಂದ ಇಳಿಸಿದಾಗ ಅವರು ಕೋರ್ಟಿಗೆ ಹೋದರು. 2008ರಲ್ಲಿ ದೆಹಲಿ ಹೈಕೋರ್ಟ್ ಸಂಸ್ಥೆಯ ಪರವಾಗಿಯೇ ತೀರ್ಪು ಕೊಟ್ಟಿತು. ರಷ್ಯದ ಏರೊಫ್ಲೋಟ್ ಸಂಸ್ಥೆ ಅಲ್ಲಿನ 48ನೇ ಅಳತೆಗಿಂತ ದೊಡ್ಡ ಸಮವಸ್ತ್ರ ಬೇಕಾದ ಗಗನಸಖಿಯರನ್ನು ಹೆಚ್ಚು ಸಂಬಳದ ವಿದೇಶಿ ಹಾರಾಟಗಳಿಂದ ತೆಗೆದು ದೇಶದೊಳಗಿನ ಮಾರ್ಗಗಳಿಗೆ ಹಾಕಿತು. ದೇಶದ ಮುಖವೆನಿಸಿದ ವಿಮಾನದಲ್ಲಿ ಪ್ರಯಾಣಿಕರು ಸಿಬ್ಬಂದಿಯ ಅಂದಕ್ಕೂ ಸೇರಿಸಿಯೇ ಹಣ ಕೊಡುತ್ತಾರೆ ಎಂಬುದು ಸಂಸ್ಥೆಯ ಪರ ವಹಿಸಿದವರ ವಾದ. ಹೆಚ್ಚುವರಿ ಕಿಲೊಗಳಿಂದ ಇಂಧನ ವ್ಯರ್ಥವಾಗುತ್ತದೆ ಎಂಬ ಲೆಕ್ಕವನ್ನೂ ಮುಂದಿಟ್ಟರು. ಆಸನದಲ್ಲಿ ಕುಳಿತ ಪ್ರಯಾಣಿಕರ ಹೊಟ್ಟೆ ಆ ಲೆಕ್ಕದೊಳಗೆ ಬರಲಿಲ್ಲ. ಎವ್ಗೇನಿಯಾ ಮಗೂರಿನಾ ಎಂಬ ಗಗನಸಖಿ ಕೆಳ ನ್ಯಾಯಾಲಯದಲ್ಲಿ ಸೋತರೂ ಬಿಡದೆ ಮೇಲ್ಮನವಿ ಸಲ್ಲಿಸಿದರು. ಉಡುಪಿನ ಅಳತೆಗೂ ವೃತ್ತಿಯ ಅರ್ಹತೆಗೂ ಸಂಬಂಧವಿಲ್ಲವೆಂಬ ಅವರ ವಾದವನ್ನು ಮಾಸ್ಕೋ ನಗರ ನ್ಯಾಯಾಲಯ 2017ರ ಸೆಪ್ಟೆಂಬರಿನಲ್ಲಿ ಒಪ್ಪಿ, ಆ ನಿಯಮ ಅಸಿಂಧು ಎಂದು ಸಾರಿತು. ಮಾನಸಿಕ ನೋವಿಗೆಂದು ಅವರಿಗೆ ಕೊಡಿಸಿದ ಪರಿಹಾರ 5,000 ರೂಬಲ್. ಆಗಿನ ವಿನಿಮಯ ದರದಲ್ಲಿ ನಮ್ಮ ಐದಾರು ಸಾವಿರ ರೂಪಾಯಿ.